ಫಿಯೆಟ್ಟಿಗೆ ಇಟ್ಟ ಬೊಟ್ಟು

ಗಂಡಸರ ಕೈಗೆ ಯೂಟ್ಯೂಬ್ ಕೊಡುವ ಮೊದಲು ಮನೆಯಲ್ಲಿರುವ ಸ್ಪ್ಯಾನರುಗಳನ್ನೆಲ್ಲ ಬಾವಿಗೆ ಎಸೆಯಬೇಕು ಎಂಬುದು ಸ್ವರ್ಣಲತಾಳ ಅಭಿಪ್ರಾಯ. ಹೆಂಗಸರ ಕೈಗೆ ಕುಂಕುಮದ ಭರಣಿ ಕೊಡುವ ಮೊದಲು ಗಂಡನ ಲಿಖಿತ ಅನುಮತಿ ಪಡೆಯಬೇಕು ಎಂಬುದು ಅವಳ ಗಂಡ ಸರ್ವೋತ್ತಮರ ಅಭಿಪ್ರಾಯ. ಈ ಎರಡು ಅಭಿಪ್ರಾಯಗಳ ನಡುವೆ, ಕಾಪುವಿನ ಅವರ ಮನೆಯ ಅಂಗಳದಲ್ಲಿ, ಬಾನೆಟ್ಟನ್ನು ಬಾಯಿಯ ಹಾಗೆ ತೆರೆದುಕೊಂಡು ನಿಂತದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೇ ಇಸವಿಯ ಒಂದು ಫಿಯೆಟ್ ಕಾರು.

ಕಾರು ಸರ್ವೋತ್ತಮರ ಸ್ವಯಾರ್ಜಿತವಲ್ಲ, ಮಾವನದ್ದು. ಮಾವ ತ್ಯಾಂಪಣ್ಣ ಕಾರ್ಕಳದ ಆಚೆ ಬಜಗೋಳಿಯಲ್ಲಿ ನಲವತ್ತು ವರ್ಷ ಬಾಡಿಗೆಗೆ ಓಡಿಸಿದ ಗಾಡಿ ಅದು. ಆ ಊರಿನ ಅರ್ಧ ಜನ ಅದರಲ್ಲಿ ಮದುವೆಯ ಚಪ್ಪರಕ್ಕೆ ಹೋದವರು, ಉಳಿದರ್ಧ ಜನ ಅದರಲ್ಲೇ ಹುಟ್ಟಿದವರು (ಕಾರ್ಕಳದ ಆಸ್ಪತ್ರೆ ತಲುಪುವಷ್ಟು ತಾಳ್ಮೆ ಎಲ್ಲ ಮಕ್ಕಳಿಗೂ ಇರುವುದಿಲ್ಲ). ಮೊಣಕಾಲು ಕೈಕೊಟ್ಟ ಮೇಲೆ ತ್ಯಾಂಪಣ್ಣ ಕಾರನ್ನು ತಂದು ಮಗಳು ಅಳಿಯನ ಅಂಗಳದಲ್ಲಿ ನಿಲ್ಲಿಸಿದರು. ಸ್ವಂತ ಮಗ ರಿತೇಶನಿಗೆ ಕೊಡಲಿಲ್ಲ. ಯಾಕೆಂದರೆ ರಿತೇಶ ಮಣಿಪಾಲದಲ್ಲಿ ಕೆಫೆ ಇಟ್ಟಿದ್ದಾನೆ. ಉಪ್ಪಿನಕಾಯಿ ಬಾಟಲಿಯಲ್ಲಿ ಕಾಫಿ ಕೊಡುವ ನಮೂನೆಯ ಕೆಫೆ. ಈ ಫಿಯೆಟ್ಟನ್ನು ನಡುವಿಗೆ ಸರಿಯಾಗಿ ಎರಡು ತುಂಡು ಮಾಡಿ, ಮುಂದಿನ ಅರ್ಧವನ್ನು ಕೆಫೆಯ ಕೌಂಟರ್ ಮಾಡಬೇಕೆಂದು ಅವನ ಆಸೆ. ಕಾಲೇಜಿನ ಮಕ್ಕಳು ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರಂತೆ.

ಕಾರು ಕಾಪುವಿಗೆ ಬಂದದ್ದೇ ಮುನಿಸಿಕೊಂಡಿತು. ಎರಡು ಸಲ ಕಟಪಾಡಿಯಲ್ಲಿ ನಿಂತಿತು. ಒಂದು ಸಲ ಉಡುಪಿಯ ಕಲ್ಸಂಕದಲ್ಲಿ, ಹಿಂದೆ ಹನ್ನೊಂದು ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ, ಸತ್ಯಾಗ್ರಹ ಹೂಡಿತು. ಸುದ್ದಿ ಬಜಗೋಳಿಗೆ ಮುಟ್ಟಿತು. ತ್ಯಾಂಪಣ್ಣ ಫೋನ್ ಮಾಡಿ ತೀರ್ಪು ಕೊಟ್ಟೇಬಿಟ್ಟರು.

“ವಿಜಯದಶಮಿಗೆ ಇಲ್ಲಿ ಹೊಸ ಅಕ್ಕಿ ಊಟ ಉಂಟು. ಎಲ್ಲರೂ ಬರುತ್ತೀರಿ. ಗಾಡಿಯೂ ಬರಲಿ. ಅದನ್ನು ಯಾರು ಎಬ್ಬಿಸಿ ತರುತ್ತಾರೋ ಅದು ಅವರದ್ದು. ಎಬ್ಬಿಸಲಿಕ್ಕೆ ಆಗದಿದ್ದರೆ ರಿತೇಶ ಕತ್ತರಿಸಿಕೊಳ್ಳಲಿ. ಸತ್ತ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

ಇಪ್ಪತ್ತೆಂಟು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತರಾದ ಮೇಲೆ ಸರ್ವೋತ್ತಮರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಫಿಯೆಟ್ಟಿನ ಕಿಟಕಿಗೆ ಮೊಣಕೈ ಇಟ್ಟು ಕಾಪು ಪೇಟೆಯಲ್ಲಿ ನಿಧಾನಕ್ಕೆ ಹೋಗುವಾಗ ಮಾತ್ರ ಮೀನಿನ ಹೆಂಗಸರೂ ಬುಟ್ಟಿ ಇಳಿಸಿ ನೋಡುತ್ತಿದ್ದರು. ಆ ಮೊಣಕೈಗಾಗಿ ಅವರು ಪ್ರಾಣ ಬೇಕಾದರೂ ಕೊಡುತ್ತಿದ್ದರು. ಸ್ಟೇರಿಂಗನ್ನು ಮಾತ್ರ ಹೆಂಡತಿಗೂ ಕೊಡುತ್ತಿರಲಿಲ್ಲ. ಸ್ವರ್ಣಲತಾ ಡ್ರೈವಿಂಗ್ ಕಲಿತದ್ದೇ ಆ ಕಾರಿನಲ್ಲಿ, ಲೈಸೆನ್ಸೂ ಉಂಟು. ಆದರೂ, “ಇದು ಸೂಕ್ಷ್ಮದ ಯಂತ್ರ. ಇದರ ಹಿಂದೆ ಸಿದ್ಧಾಂತ ಉಂಟು. ನಿನಗೆ ಗೊತ್ತಾಗುವುದಿಲ್ಲ” ಎಂದು ಅವಳನ್ನು ಎಡಗಡೆಯ ಸೀಟಿಗೆ ನಿಯೋಜಿಸಿದ್ದರು.

ಮೂರು ರಾತ್ರಿ ವಿಡಿಯೋ ನೋಡಿ ಸರ್ವೋತ್ತಮರು ರೋಗವನ್ನು ಪತ್ತೆಹಚ್ಚಿದರು. ಎಲ್ಲ ಅನಿಷ್ಟಕ್ಕೂ ಡಿಸ್ಟ್ರಿಬ್ಯೂಟರೇ ಕಾರಣ! ಓದುಗರಲ್ಲಿ ಯಾರಿಗಾದರೂ ಡಿಸ್ಟ್ರಿಬ್ಯೂಟರ್ ಎಂದರೇನೆಂದು ತಿಳಿಯದಿದ್ದರೆ ನಾಚಿಕೊಳ್ಳಬೇಕಾಗಿಲ್ಲ, ಊಟದ ಪಂಕ್ತಿಯನ್ನು ನೆನಪಿಸಿಕೊಂಡರೆ ಸಾಕು. ಎಂಜಿನ್ನಿನಲ್ಲಿ ನಾಲ್ಕು ಎಲೆ ಹಾಕಿದೆ ಎಂದುಕೊಳ್ಳಿ. ಪ್ರತಿಯೊಂದು ಎಲೆಗೂ ಸರಿಯಾದ ಕ್ಷಣದಲ್ಲಿ ಒಂದು ಸೌಟು ಕಿಡಿ ಬಡಿಸುವವನೇ ಈ ಡಿಸ್ಟ್ರಿಬ್ಯೂಟರ್. ಮೊದಲ ಎಲೆ, ಆಮೇಲೆ ಮೂರನೆಯದು, ನಾಲ್ಕನೆಯದು, ಕೊನೆಗೆ ಎರಡನೆಯದು, ಇದು ಅವನ ಕ್ರಮ. ಅವನ ಹೊತ್ತು ತಪ್ಪಿದರೆ ಊಟವೇ ಕೆಡುತ್ತದೆ. ಅವನನ್ನು ಬಿಚ್ಚಿ, ತೊಳೆದು, ತಿಕ್ಕಿ, ಇದ್ದಲ್ಲಿಗೇ ಮತ್ತೆ ಕೂರಿಸಿ, ಹೊತ್ತು ಸರಿಮಾಡುವುದು ಸರ್ವೋತ್ತಮರ ಯೋಜನೆ.

ಮಹಾನವಮಿಯ ದಿನ ಬೆಳಿಗ್ಗೆ ಅವರು ಕೆಲಸಕ್ಕೆ ಇಳಿದರು. ಸುಲಭವಾಗಲೆಂದು ನಾಲ್ಕೂ ಪ್ಲಗ್ಗುಗಳನ್ನು ಕಳಚಿದರು. ಡಿಸ್ಟ್ರಿಬ್ಯೂಟರನ್ನು ಎಳೆಯುವ ಮೊದಲು ಅದರ ಒಳಗಿನ ಮುಳ್ಳು ಯಾವ ಕಡೆ ಮುಖ ಮಾಡಿದೆಯೋ ಅಲ್ಲಿಗೆ ಒಂದು ಗುರುತು ಹಾಕಬೇಕು, ಆಮೇಲೆ ಎಂಜಿನ್ನನ್ನು ಕೂದಲೆಳೆಯಷ್ಟೂ ತಿರುಗಿಸಕೂಡದು ಎಂದು ವಿಡಿಯೋದವನು ಮೂರು ಸಲ ಹೇಳಿದ್ದ. ಗುರುತಿಗೆ ಸೀಮೆಸುಣ್ಣ ಬೇಕು. ಇಪ್ಪತ್ತೆಂಟು ವರ್ಷ ಸೀಮೆಸುಣ್ಣವನ್ನೇ ಉಸಿರಾಡಿದ ಮನುಷ್ಯನ ಮನೆಯಲ್ಲಿ ಒಂದು ತುಂಡು ಸೀಮೆಸುಣ್ಣ ಸಿಗಲಿಲ್ಲ. ಸ್ವರ್ಣಲತಾ ಹೂ ತರಲು ಪೇಟೆಗೆ ಹೋಗಿದ್ದಳು. ಸರ್ವೋತ್ತಮರು ದೇವರ ಕೋಣೆಗೆ ನುಗ್ಗಿ, ಕುಂಕುಮಕ್ಕೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಕಲಸಿ, ಎಂಜಿನ್ನಿನ ಮೈಮೇಲೆ ಕರಾರುವಾಕ್ಕಾಗಿ ಒಂದು ಬೊಟ್ಟು ಇಟ್ಟರು. ಡಿಸ್ಟ್ರಿಬ್ಯೂಟರನ್ನು ಎಳೆದು ತೆಗೆದು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೀಮೆಎಣ್ಣೆಯಲ್ಲಿ ತಿಕ್ಕಲು ಕೂತರು.

ಎರಡು ಗಂಟೆ ತಿಕ್ಕಿದರು. ಅಷ್ಟರಲ್ಲಿ ಸ್ವರ್ಣಲತಾ ಪೇಟೆಯಿಂದ ಬಂದಳು. ಬಾನೆಟ್ ತೆರೆದಿದ್ದ ಕಾರನ್ನು ನೋಡಿದಳು. ಎಂಜಿನ್ನಿನ ಮೇಲೆ ಕುಂಕುಮದ ಬೊಟ್ಟನ್ನು ನೋಡಿದಳು. ಅವಳ ಕಣ್ಣು ತುಂಬಿಬಂತು. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಆಯುಧ ಪೂಜೆಯ ದಿನ ಒಂದು ಸೈಕಲ್ಲಿಗೂ ಹೂ ಇಡದ ನಾಸ್ತಿಕ ಗಂಡ, ತನ್ನ ಅಪ್ಪನ ಗಾಡಿಗೆ ತಮ್ಮ ಕೈಯಾರೆ ಬೊಟ್ಟು ಇಟ್ಟಿದ್ದಾರೆ! ಇನ್ನು ತಾನು ಸುಮ್ಮನಿರುವುದುಂಟೇ?

ಸರ್ವೋತ್ತಮರು ಹೊಳೆಯುವ ಡಿಸ್ಟ್ರಿಬ್ಯೂಟರನ್ನು ಹಿಡಿದುಕೊಂಡು ಅಂಗಳಕ್ಕೆ ಬಂದಾಗ ಎಂಜಿನ್ ಮದುಮಗಳ ಹಾಗೆ ನಿಂತಿತ್ತು. ಹಸಿ ಬಟ್ಟೆಯಿಂದ ಒರೆಸಿದ ಅದರ ಸರ್ವಾಂಗಕ್ಕೂ ಗಂಧ, ಗಂಧದ ಮೇಲೆ ಕುಂಕುಮ. ನೆತ್ತಿಯ ಮೇಲೆ ಚೆಂಡುಹೂವಿನ ಮಾಲೆ.

“ಲತಾ! ಇಲ್ಲಿ ಒಂದು ಬೊಟ್ಟು ಇತ್ತು!”

“ಒಂದು ಯಾಕೆ? ನಲವತ್ತೆಂಟು ಉಂಟು ನೋಡಿ.”

“ನನ್ನ ಬೊಟ್ಟು ಯಾವುದು ಅದರಲ್ಲಿ?”

“ನಿಮ್ಮದು ಎಣ್ಣೆಎಣ್ಣೆ ಆಗಿತ್ತು. ಒರೆಸಿ ಚಂದ ಮಾಡಿ ಇಟ್ಟಿದ್ದೇನೆ. ಎಂತ, ಮುಖ ಹಾಗೆ ಮಾಡಿದ್ದೀರಿ? ಖುಷಿಯಾಗಲಿಲ್ಲವಾ?”

ಸರ್ವೋತ್ತಮರ ಕಣ್ಣು ಮೆಲ್ಲನೆ ಫ್ಯಾನಿನ ಕಡೆಗೆ ಸರಿಯಿತು. ನಾಲ್ಕು ರೆಕ್ಕೆಗಳು. ನಾಲ್ಕಕ್ಕೂ ಬೊಟ್ಟು.

“ಆ ಕೆಳಗಿನ ರೆಕ್ಕೆಗೆ ಹೇಗೆ ಹಚ್ಚಿದೆ?” ಅವರ ಸ್ವರ ಪಾತಾಳದಿಂದ ಬಂದಂತಿತ್ತು.

“ತಿರುಗಿಸಿ ಹಚ್ಚಿದೆ. ಎಷ್ಟು ಸಲೀಸಾಗಿ ತಿರುಗಿತು ಮಾರಾಯ್ರೆ! ಒಂದೆರಡು ಸುತ್ತು ಜಾಸ್ತಿಯೇ ತಿರುಗಿಸಿದೆ. ನೋಡ್ಲಿಕ್ಕೆ ಖುಷಿಯಾಯಿತು.”

ಪ್ಲಗ್ಗು ಇಲ್ಲದ ಎಂಜಿನ್ ಸಲೀಸಾಗಿ ತಿರುಗದೆ ಇನ್ನೇನು ಮಾಡೀತು? ಗುರುತೂ ಹೋಯಿತು, ಎಂಜಿನ್ ಇದ್ದ ಸ್ಥಿತಿಯೂ ಹೋಯಿತು. ಸರ್ವೋತ್ತಮರು ಅಂಗಳದ ತುಳಸಿಕಟ್ಟೆಯ ಮೇಲೆ ಕುಸಿದರು. ಮತ್ತೆ ಧೈರ್ಯ ತಂದುಕೊಂಡು, “ಇರಲಿ, ಹೊಸದಾಗಿ ಲೆಕ್ಕ ಹಾಕಿ ಕೂರಿಸುತ್ತೇನೆ. ನನ್ನ ಸ್ಪ್ಯಾನರುಗಳೆಲ್ಲಿ?” ಎಂದು ಕೇಳಿದರು.

ಸ್ಪ್ಯಾನರುಗಳು ದೇವರ ಕೋಣೆಯಲ್ಲಿದ್ದವು. ಹೊಲಿಗೆ ಮೆಷಿನು, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ತೆಂಗಿನಕಾಯಿ ಸುಲಿಯುವ ಯಂತ್ರಗಳ ಜೊತೆ ಹೂ ಮುಡಿದುಕೊಂಡು ಸಾಲಾಗಿ ಮಲಗಿದ್ದವು. ಸರ್ವೋತ್ತಮರು ಕೈ ಚಾಚಿದ್ದೇ ತಡ, ಸ್ವರ್ಣಲತಾ ಅಡ್ಡ ಬಂದಳು.

“ಮುಟ್ಟಬೇಡಿ! ಪೂಜೆಗೆ ಇಟ್ಟದ್ದನ್ನು ನಾಳೆ ಬೆಳಿಗ್ಗೆ ಮಂಗಳಾರತಿ ಆಗದೆ ತೆಗೆಯುವ ಕ್ರಮ ಇಲ್ಲ.”

“ನಾಳೆ ಮಧ್ಯಾಹ್ನ ಬಜಗೋಳಿಯಲ್ಲಿ ಇರಬೇಕು ಮಾರಾಯ್ತಿ! ನಿನ್ನ ತಮ್ಮ ಗರಗಸ ಹಿಡಿದುಕೊಂಡು ಕೂತಿದ್ದಾನೆ!”

“ಹಾಗಾದರೆ ಬಿಚ್ಚುವ ಬುದ್ಧಿ ನಿಮಗೆ ಹಬ್ಬದ ದಿನವೇ ಯಾಕೆ ಬಂತು? ವರ್ಷಕ್ಕೆ ಒಂದು ದಿನ ಆಯುಧಕ್ಕೆ ರಜೆ. ಅಷ್ಟೂ ಕೊಡದಿದ್ದರೆ ಅವು ನಾಳೆ ನಿಮ್ಮ ಬೆರಳನ್ನೇ ಕಚ್ಚುತ್ತವೆ.”

ಸರ್ವೋತ್ತಮರು ಬೇಲಿಯ ಹತ್ತಿರ ಓಡಿದರು. ಬೇಲಿಯ ಆಚೆ ಸ್ಟ್ಯಾನಿಸ್ಲಾಸರ ಮನೆ. ಕುವೈತಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಅವರ ಮನೆಯಲ್ಲಿ ಆಯುಧ ಪೂಜೆಯ ಉಪದ್ರವವಿಲ್ಲ.

“ಸ್ಟ್ಯಾನಿ, ನಿಮ್ಮ ಸ್ಪ್ಯಾನರ್ ಸೆಟ್ಟು ಒಮ್ಮೆ ಕೊಡಿ ಮಾರಾಯ್ರೆ. ಅರ್ಜೆಂಟ್ ಉಂಟು.”

“ಕೊಡಬಹುದಿತ್ತು ಸರ್” ಎಂದರು ಸ್ಟ್ಯಾನಿಸ್ಲಾಸ್ ಬಹಳ ಮೃದುವಾಗಿ. “ಹೋದ ಕ್ರಿಸ್ಮಸ್ಸಿಗೆ ನೀವು ತಕ್ಕೊಂಡು ಹೋದದ್ದು ಇನ್ನೂ ವಾಪಸ್ ಬಂದಿಲ್ಲ. ಈಗ ನಿಮ್ಮ ಮಿಸೆಸ್ ಅವಲಕ್ಕಿ ಪ್ರಸಾದ ಕೊಡ್ಲಿಕ್ಕೆ ಕರೆದಾಗ ನೋಡಿದೆ. ನಿಮ್ಮ ದೇವರ ಎದುರು ಹೂ ಹಾಕಿಸಿಕೊಂಡು ಕೂತಿವೆ. ನಮ್ಮಲ್ಲಿ ಅವಕ್ಕೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ.”

ಆ ದಿನ ಸರ್ವೋತ್ತಮರು ಪೂಜೆಯ ಪಾಯಸವನ್ನೂ ಸರಿಯಾಗಿ ತಿನ್ನಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಏಳಕ್ಕೆ ಮಂಗಳಾರತಿ ಆಯಿತು. ಆರತಿಯ ತಟ್ಟೆ ಕೆಳಗಿಡುವ ಮೊದಲೇ ಸರ್ವೋತ್ತಮರು ಸ್ಪ್ಯಾನರುಗಳನ್ನು ಬಾಚಿಕೊಂಡು ಅಂಗಳಕ್ಕೆ ಹಾರಿದರು. ಬಜಗೋಳಿಗೆ ಒಂದೂಕಾಲು ಗಂಟೆಯ ದಾರಿ. ಹತ್ತೂವರೆಗಾದರೂ ಹೊರಡಬೇಕು.

ಕೆಲಸ ಸಿದ್ಧಾಂತದ ಪ್ರಕಾರ ಸುಲಭವಿತ್ತು. ಎಂಜಿನ್ನಿನ ಮುಂದುಗಡೆಯ ಪುಲ್ಲಿಯ ಅಂಚಿನಲ್ಲಿ ಕಂಪೆನಿಯವರೇ ಕೊರೆದ ಒಂದು ಗೀರು ಇರುತ್ತದೆ. ಆ ಗೀರು ಎದುರಿಗೆ ಅವರೇ ಕೆತ್ತಿದ ಗುರುತಿಗೆ ಸರಿಯಾಗಿ ಬಂದಾಗ ಒಂದನೆಯ ಪಿಸ್ಟನ್ ತುತ್ತತುದಿಯಲ್ಲಿರುತ್ತದೆ. ಆಗ ಡಿಸ್ಟ್ರಿಬ್ಯೂಟರಿನ ಮುಳ್ಳನ್ನು ಒಂದನೆಯ ಪ್ಲಗ್ಗಿನ ತಂತಿಗೆ ಮುಖ ಮಾಡಿ ಇಳಿಸಿದರೆ ಮುಗಿಯಿತು. ಸರ್ವೋತ್ತಮರು ಪುಲ್ಲಿಯ ಮೇಲಿನ ಗಂಧ ಕೆರೆದು ಗೀರನ್ನು ಕಂಡುಹಿಡಿದರು. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರು. ಗೀರು ಬಂತು. ಡಿಸ್ಟ್ರಿಬ್ಯೂಟರ್ ಇಳಿಸಿದರು. ಪ್ಲಗ್ಗು ಹಾಕಿದರು. ಸೀಟಿನಲ್ಲಿ ಕೂತು, ಕಿಟಕಿಗೆ ಮೊಣಕೈ ಇಟ್ಟು, ಕೀ ತಿರುಗಿಸಿದರು.

ಢಮಾರ್!

ಕಾರ್ಬ್ಯುರೇಟರಿನ ಬಾಯಿಂದ ಎದ್ದ ಬೆಂಕಿಯ ಉಸಿರಿಗೆ ಚೆಂಡುಹೂವಿನ ಮಾಲೆ ಹಾರಿಹೋಯಿತು. ತೆಂಗಿನಮರದ ಕಾಗೆಗಳು ಸಾಮೂಹಿಕವಾಗಿ ಎರ್ಮಾಳಿನ ಕಡೆಗೆ ವಲಸೆ ಹೊರಟವು. ಬೇಲಿಯ ಮೇಲೆ ಸ್ಟ್ಯಾನಿಸ್ಲಾಸರ ತಲೆ ಕಾಣಿಸಿತು.

“ದೀಪಾವಳಿಗೆ ಇನ್ನೂ ಮೂರು ವಾರ ಉಂಟಲ್ಲವಾ ಸರ್?”

ಸರ್ವೋತ್ತಮರು ಡಿಸ್ಟ್ರಿಬ್ಯೂಟರನ್ನು ಒಂದು ನೂಲು ಎಡಕ್ಕೆ ತಿರುಗಿಸಿ ಕೀ ಕೊಟ್ಟರು. ಢಮಾರ್! ಒಂದು ನೂಲು ಬಲಕ್ಕೆ ತಿರುಗಿಸಿದರು. ಢಂ, ಢಂ, ಫುಸ್! ಮತ್ತೆ ಬಿಚ್ಚಿದರು. ಮತ್ತೆ ಗೀರು ನೋಡಿದರು. ಮತ್ತೆ ಹಾಕಿದರು. ಗಂಟೆ ಒಂಬತ್ತಾಯಿತು. ಬನಿಯನ್ನಿನ ಮೇಲೆ ಮಸಿ, ಹಣೆಯ ಮೇಲೆ ಗ್ರೀಸು, ಹುಬ್ಬಿನ ಕೂದಲು ಬಲಗಡೆ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ರಿತೇಶನ ಫೋನು ಬಂತು.

“ಭಾವ, ಗಾಡಿ ಎದ್ದಿತಾ? ಇಲ್ಲದಿದ್ದರೆ ಬೇಜಾರು ಮಾಡಬೇಡಿ, ಎತ್ತಿಕೊಂಡು ಹೋಗಲಿಕ್ಕೆ ನಾನು ಲಾರಿಗೆ ಹೇಳಿಯೇ ಇಟ್ಟಿದ್ದೇನೆ. ಒಂದು ಅಳತೆ ಬೇಕಿತ್ತು. ಬಂಪರಿನಿಂದ ಮುಂದಿನ ಬಾಗಿಲಿನವರೆಗೆ ಎಷ್ಟು ಫೀಟ್ ಬರುತ್ತದೆ?”

“ನಿನ್ನ ತಲೆಯಷ್ಟು ಬರುತ್ತದೆ!” ಎಂದು ಸರ್ವೋತ್ತಮರು ಫೋನು ಕುಕ್ಕಿದರು. ಕೋಪದ ಹಿಂದೆಯೇ ಅಳುವೂ ಬಂತು. ಗರಗಸದ ಶಬ್ದ ಅವರಿಗೆ ಆಗಲೇ ಕೇಳಿಸತೊಡಗಿತ್ತು.

ಸ್ವರ್ಣಲತಾ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಗೆ ಬಂದಳು. ಅಂಗಳದಲ್ಲಿ ಬಿದ್ದಿದ್ದ ಮಾಲೆಯನ್ನು ನೋಡಿದಳು, ಗಂಡನನ್ನು ನೋಡಿದಳು.

“ಹೂವು ಎಡಗಡೆಗೆ ಬಿದ್ದಿದೆ. ದೇವರು ಬೇಡ ಹೇಳುತ್ತಿದ್ದಾನೆ.”

“ದೇವರಿಗೆ ಎಂತ ಗೊತ್ತು ಇಗ್ನಿಷನ್ ಟೈಮಿಂಗ್!”

“ನೀವು ಕಂಪ್ರೆಷನ್ ನೋಡಿದ್ದೀರಾ?”

ಸರ್ವೋತ್ತಮರು ನಿಧಾನಕ್ಕೆ ಎದ್ದು ನಿಂತರು. ಅವರ ಹೆಂಡತಿಯ ಬಾಯಿಂದ ಆ ಪದ ಬಂದದ್ದು ಅದೇ ಮೊದಲು.

“ಲತಾ, ಇದು ಒಗ್ಗರಣೆಯಲ್ಲ. ಇದು ಫೋರ್ ಸ್ಟ್ರೋಕ್ ಎಂಜಿನ್. ನಾನು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಇದರ ಚಿತ್ರ ಬಿಡಿಸಿದ್ದೇನೆ.”

“ಗೊತ್ತುಂಟು. ಆ ಚಿತ್ರದಲ್ಲಿ ಪಿಸ್ಟನ್ ಎಷ್ಟು ಸಲ ಮೇಲೆ ಬರುತ್ತದೆ?”

“ಎರಡು ಸಲ. ಒಮ್ಮೆ ಗಾಳಿಯನ್ನು ಒತ್ತಲಿಕ್ಕೆ, ಒಮ್ಮೆ ಹೊಗೆಯನ್ನು ಹೊರಗೆ...”

ಸರ್ವೋತ್ತಮರ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತಿತು. ಎರಡು ಸಲ! ಗೀರು ಎರಡು ಸಲ ಬರುತ್ತದೆ, ಕಿಡಿ ಬೇಕಾದದ್ದು ಒಂದೇ ಸಲ. ಬೆಳಗಿನಿಂದ ಅವರು ಕೈತೊಳೆದು ಎದ್ದುಹೋದವನ ಎಲೆಗೆ ಪಾಯಸ ಬಡಿಸುತ್ತಿದ್ದರು. ಪರೀಕ್ಷೆಯಲ್ಲಿ ಇದೇ ತಪ್ಪು ಮಾಡಿದ ಎಷ್ಟು ಮಕ್ಕಳಿಗೆ ಅವರು ಸೊನ್ನೆ ಕೊಟ್ಟಿದ್ದರು! ಆ ಸೊನ್ನೆಗಳೆಲ್ಲ ಒಟ್ಟಾಗಿ ಉರುಳುತ್ತಾ ತಮ್ಮ ಕಡೆಗೇ ಬರುವಂತೆ ಅವರಿಗೆ ತೋರಿತು.

“ಅಪ್ಪ ಹ್ಯಾಂಡಲ್ ತಿರುಗಿಸುವಾಗ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಇಡುವ ಕೆಲಸ ನನ್ನದಿತ್ತು” ಎಂದಳು ಸ್ವರ್ಣಲತಾ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ. “ಆರನೇ ಕ್ಲಾಸಿನಿಂದ. ಗಾಳಿ ಬೆರಳನ್ನು ಹೊರಗೆ ದೂಡಬೇಕು, ಆಗ ಬಂದ ಗೀರು ಸರಿ. ದೂಡದಿದ್ದರೆ ಅದು ಸುಳ್ಳು ಗೀರು. ಒಂದನೆಯ ಪ್ಲಗ್ಗು ತೆಗೆಯಿರಿ.”

“ಇದನ್ನು ಮೊದಲೇ ಹೇಳಲಿಕ್ಕೆ ಏನಾಗಿತ್ತು ನಿನಗೆ?”

“ನನಗೆ ಗೊತ್ತಾಗುವುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ?”

ಪ್ಲಗ್ಗು ತೆಗೆದದ್ದಾಯಿತು. ಸ್ವರ್ಣಲತಾ ರೇಷ್ಮೆ ಸೀರೆಯಲ್ಲೇ ಎಂಜಿನ್ನಿನ ಮೇಲೆ ಬಾಗಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಳು. ಸರ್ವೋತ್ತಮರು ನೆಲದ ಮೇಲೆ ಕೂತು ಹ್ಯಾಂಡಲ್ ತಿರುಗಿಸಿದರು. ಗೀರು ಬಂತು.

“ಬಂತು!” ಎಂದು ಸರ್ವೋತ್ತಮರು ಕೂಗಿದರು.

“ಬರಲಿಲ್ಲ. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಇನ್ನೊಂದು ಸುತ್ತು.”

“ಗೀರು ಸರೀ ಎದುರಿಗೆ ಉಂಟು ಮಾರಾಯ್ತಿ!”

“ಬೆಳಿಗ್ಗೆಯಿಂದ ಅದೇ ಗೀರಿಗೆ ಢಮಾರ್ ಅನ್ನಿಸಿದ್ದು ನೀವು. ತಿರುಗಿಸಿ!”

ತಿರುಗಿಸಿದರು. ಅರ್ಧ ಸುತ್ತು ದಾಟುತ್ತಿದ್ದಂತೆ ಪುಸ್ಸೆಂದು ಗಾಳಿ ಸ್ವರ್ಣಲತಾಳ ಹೆಬ್ಬೆರಳನ್ನು ದೂಡಿತು. “ಈಗ ಬಂತು! ಮೆಲ್ಲ, ಮೆಲ್ಲ, ನಿಲ್ಲಿಸಿ!” ಗೀರು ಗುರುತಿಗೆ ಮುಟ್ಟಿ ನಿಂತಿತು. ಡಿಸ್ಟ್ರಿಬ್ಯೂಟರನ್ನು ಎತ್ತಿ, ಮುಳ್ಳನ್ನು ಅರ್ಧ ಸುತ್ತು ತಿರುಗಿಸಿ ಇಳಿಸಿದರು. ಇನ್ನು ಉಳಿದದ್ದು ಕೊನೆಯ ಸೂಕ್ಷ್ಮ. ಒಂದು ಸಣ್ಣ ಬಲ್ಬಿಗೆ ತಂತಿ ಕಟ್ಟಿ ಡಿಸ್ಟ್ರಿಬ್ಯೂಟರಿಗೆ ತಾಗಿಸಿ, ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಬಲ್ಬು ಹೊತ್ತಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಬೋಲ್ಟು ಬಿಗಿಯಬೇಕು. ಹಿಡಿದು ತಿರುಗಿಸಿದವಳು ಸ್ವರ್ಣಲತಾ. “ಹೊತ್ತಿತು” ಎಂದು ಹೇಳಿ ಬೋಲ್ಟು ಬಿಗಿದು, ಪ್ಲಗ್ಗನ್ನು ಮತ್ತೆ ಹಾಕಿದವರು ಸರ್ವೋತ್ತಮರು.

ಕೀ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು, ಮತ್ತೆ ಎದ್ದಿತು. ಗುರ್‌ರ್‌ರ್ ಎಂಬ ಆ ಸಮ ಶಬ್ದ ಅಂಗಳ ತುಂಬಿದಾಗ ಸರ್ವೋತ್ತಮರ ಕಣ್ಣಲ್ಲಿ ನೀರು ಬಂತು. ಬೇಲಿಯ ಆಚೆಯಿಂದ ಸ್ಟ್ಯಾನಿಸ್ಲಾಸರು ಚಪ್ಪಾಳೆ ತಟ್ಟಿ, “ಸ್ಪ್ಯಾನರು ಸರ್!” ಎಂದು ನೆನಪಿಸಿದರು. ಆದರೆ ಆ ಹೊತ್ತಿಗೆ ಫಿಯೆಟ್ಟು ಗೇಟು ದಾಟಿ ಆಗಿತ್ತು.

ಶಿರ್ವ ದಾಟುವವರೆಗೆ ಸರ್ವೋತ್ತಮರು ಹೆಂಡತಿಗೆ ಮನಸಾರೆ ಕೃತಜ್ಞರಾಗಿದ್ದರು. ಬೆಳ್ಮಣ್ಣಿನ ಹತ್ತಿರ ಬರುವಾಗ ಕೆಲಸವನ್ನು ಇಬ್ಬರೂ ಸೇರಿ ಮಾಡಿದ್ದೆಂದು ಅನ್ನಿಸಿತು. ಕಾರ್ಕಳದ ಪೇಟೆಯಲ್ಲಿ ನಾಲ್ಕು ಜನ ನಿಂತು ನೋಡಿದ ಮೇಲೆ, ಮುಖ್ಯವಾದದ್ದು ಸಿದ್ಧಾಂತ, ಹೆಬ್ಬೆರಳು ಕೇವಲ ಉಪಕರಣ ಎಂಬ ತೀರ್ಮಾನಕ್ಕೆ ಬಂದಿದ್ದರು. ಬಜಗೋಳಿಯ ಅಂಗಳಕ್ಕೆ ಕಾರು ನುಗ್ಗುವಾಗ ಅವರ ಮೊಣಕೈ ಕಿಟಕಿಯಿಂದ ಎಂದಿಗಿಂತ ಎರಡು ಇಂಚು ಹೊರಗಿತ್ತು.

ರಿತೇಶ ಅಳತೆಯ ಟೇಪನ್ನು ಮೆಲ್ಲನೆ ಜೇಬಿಗೆ ಹಾಕಿಕೊಂಡ. ತ್ಯಾಂಪಣ್ಣ ಕೋಲು ಊರಿಕೊಂಡು ಬಂದು, ಎಂಜಿನ್ ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿ, ಕಣ್ಣು ಮುಚ್ಚಿ ಬಾನೆಟ್ಟಿಗೆ ಕಿವಿ ಕೊಟ್ಟರು. ಎಂಬತ್ತೆರಡು ವರ್ಷದ ಮುಖ ಹೂವಿನ ಹಾಗೆ ಅರಳಿತು.

“ಭಾರೀ ಲಾಯಕ್ ಉಂಟು. ಟೈಮಿಂಗ್ ಇಟ್ಟದ್ದು ಯಾರು?”

ಸರ್ವೋತ್ತಮರು ಒಂದು ಕ್ಷಣ ಹೆಂಡತಿಯ ಕಡೆಗೆ ನೋಡಿದರು. ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ರಿತೇಶ ಎದುರಿಗೇ ನಿಂತಿದ್ದ. “ನಾನೇ ಮಾವ” ಎಂದುಬಿಟ್ಟರು. “ಸ್ವಲ್ಪ ಲೆಕ್ಕಾಚಾರ ಬೇಕಾಯಿತು, ಅಷ್ಟೇ.”

“ಹೌದಾ? ನಿನ್ನ ಹೆಬ್ಬೆರಳು ತೋರಿಸು ನೋಡುವ.”

ಸರ್ವೋತ್ತಮರು ತೋರಿಸಿದರು. ಗ್ರೀಸು ಇತ್ತು, ಮಸಿ ಇತ್ತು. ತ್ಯಾಂಪಣ್ಣ ಅದನ್ನು ಬಿಟ್ಟು ಮಗಳ ಬಲಗೈ ಹಿಡಿದು ಬಿಸಿಲಿಗೆ ತಿರುಗಿಸಿದರು. ಸಾಬೂನು ಹಾಕಿ ಮೂರು ಸಲ ತೊಳೆದರೂ ಹೋಗದೆ, ಸ್ವರ್ಣಲತಾಳ ಹೆಬ್ಬೆರಳಿನ ಮೇಲೆ ಪ್ಲಗ್ಗಿನ ತೂತಿನಷ್ಟೇ ದೊಡ್ಡದಾದ ಒಂದು ಕಪ್ಪು ಬಳೆ ಮೂಡಿತ್ತು. ಅಂಚೆ ಕಚೇರಿಯ ಮೊಹರಿನಷ್ಟು ಸ್ಪಷ್ಟವಾಗಿತ್ತು.

ಮುದುಕರು ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಆ ಕಪ್ಪು ಬಳೆ ಮೂಡಿದ ಕೈಯಲ್ಲಿ ಇಟ್ಟರು.

“ಎಬ್ಬಿಸಿದವರದ್ದು ಅಂತ ನಾನು ಮೊದಲೇ ಹೇಳಿದ್ದೆ. ಊಟಕ್ಕೆ ಬನ್ನಿ, ಎಲೆ ಹಾಕಿದೆ.”

ಹೊಸ ಅಕ್ಕಿಯ ಅನ್ನ ಬಹಳ ರುಚಿಯಾಗಿತ್ತೆಂದು ಎಲ್ಲರೂ ಹೇಳಿದರು. ಸರ್ವೋತ್ತಮರಿಗೆ ಗೊತ್ತಾಗಲಿಲ್ಲ.

ಸಂಜೆ ಹಿಂದಿರುಗುವಾಗ ಸ್ವರ್ಣಲತಾ ಸ್ಟೇರಿಂಗಿನ ಹಿಂದೆ ಕೂತಿದ್ದಳು. ಅವಳ ಮೊಣಕೈ ಕಿಟಕಿಯ ಮೇಲಿತ್ತು. ಸರ್ವೋತ್ತಮರು ಎಡಗಡೆಯ ಸೀಟಿನಲ್ಲಿ, ಅತ್ತೆ ಕಟ್ಟಿಕೊಟ್ಟ ಪಾಯಸದ ಪಾತ್ರೆ ಚೆಲ್ಲದ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದರು. ನಿಟ್ಟೆಯ ಏರಿನಲ್ಲಿ ಅವಳು ಗೇರು ಬದಲಿಸುವುದು ಸ್ವಲ್ಪ ತಡವಾಯಿತೆಂದು ಅವರಿಗೆ ಕಂಡಿತು.

“ಲತಾ, ಇಲ್ಲಿ ಸಿದ್ಧಾಂತದ ಪ್ರಕಾರ...”

“ಸ್ವಲ್ಪ ಸುಮ್ಮನೆ ಕೂತುಕೊಳ್ಳಿ ಮಾರಾಯ್ರೆ. ನನಗೆ ಎಂಜಿನ್ನಿನ ಶಬ್ದ ಕೇಳಬೇಕು. ಮತ್ತೆ, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಸ್ಟ್ಯಾನಿಯವರ ಸ್ಪ್ಯಾನರು ಕೊಟ್ಟುಬನ್ನಿ. ಇನ್ನು ನಿಮಗೆ ಅದ್ರ ಅಗತ್ಯ ಇಲ್ಲ. ಮುಂದಿನ ನವಮಿಗೆ ಬೊಟ್ಟು ಇಟ್ಟರೆ ಸಾಕು.”